ಗೆಂಡೆ ಮೀನಿನ ಬಾಯಿಯ ಹೇನು

ಬಹಳ ಹಿಂದೆ, ಮಂತ್ರಕ್ಕೆ ಇನ್ನೂ ಬೆಲೆ ಇದ್ದ ಕಾಲದಲ್ಲಿ, ಮಡುನಾಡು ಅಂತ ಒಂದು ರಾಜ್ಯ. ಅಲ್ಲಿ ಒಂದೇ ಹೊಳೆ, ಆ ಹೊಳೆಯಲ್ಲಿ ಮೂರು ಮಡು: ಮೇಲ್ಮಡು, ನಡುಮಡು, ಕೆಳಮಡು. ಜನರ ಬದುಕೆಲ್ಲ ಮೀನಿನ ಮೇಲೆ.

ಒಂದು ದಿನ ಧೂಮಕನೆಂಬ ಮಾಂತ್ರಿಕ ಬಂದು, "ಇವತ್ತಿನ ಮೊದಲ ಬಲೆಯ ಮೀನು ನನಗೆ ಬೇಕು" ಎಂದ. ಮೊದಲ ಬಲೆಯ ಮೀನನ್ನು ಹೊಳೆಗೇ ಬಿಡುವುದು ಅಲ್ಲಿಯ ಪದ್ಧತಿ. ಯಾರೂ ಕೊಡಲಿಲ್ಲ. ಆ ಮನುಷ್ಯನಿಗೋ ಮೂಗಿನ ತುದಿಯಲ್ಲೇ ಕೋಪ. ಮಂತ್ರ ಹಾಕಿ ಒಂದು ಬಸುರಿ ಹೇನನ್ನು ಹುಟ್ಟಿಸಿ, "ಹೋಗು, ಮೀನುಗಳ ರಕ್ತ ಹೀರು" ಎಂದು ನೀರಿಗೆ ಬಿಟ್ಟ.

ಮೀನುಗಳು ಸೊರಗತೊಡಗಿದವು. ರಾಜ ಗಾಬರಿಬಿದ್ದು, ಹೇನು ಹರಡದಿರಲಿ ಅಂತ ಮಡುಗಳ ನಡುವೆ ಕಟ್ಟೆ ಹಾಕಿಸಿದ. ಅಯ್ಯೋ ಪುಣ್ಯಾತ್ಮ! ಅಷ್ಟರಲ್ಲಿ ಹೇನಿನ ಮರಿಗಳು ಮೂರೂ ಮಡು ಸೇರಿಯಾಗಿತ್ತು. ಕಟ್ಟೆಯಿಂದ ಆದದ್ದು ಇಷ್ಟೇ: ಒಂದು ಮಡುವಿನ ಹೇನು ಇನ್ನೊಂದು ಮಡುವಿನ ಹೇನಿನ ಮುಖ ನೋಡದಂತಾಯಿತು. ಆಯಾ ನೀರಿಗೆ ಒಗ್ಗಿದ ಮರಿ ಬದುಕಿತು, ಒಗ್ಗದ್ದು ಸತ್ತಿತು. ಬದುಕಿದ್ದರ ಮಕ್ಕಳು ಇನ್ನಷ್ಟು ಒಗ್ಗಿದವು. ಹೇನಿನ ತಲೆಮಾರು ಉರುಳುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ?

ಕೆಂಚನೆಂಬ ಬೆಸ್ತನಿಗೆ ಇದನ್ನೆಲ್ಲ ನೋಡಿ ತಡೆಯಲಾಗಲಿಲ್ಲ. ಧೂಮಕನ ಹತ್ತಿರ ಹೋಗಿ, "ಸ್ವಾಮಿ, ನಿಮ್ಮ ಹೇನು ವಾಪಸ್ಸು ಕರೆದುಕೊಳ್ಳಿ" ಎಂದ. ಧೂಮಕ ಅವನನ್ನೇ ಗೆಂಡೆ ಮೀನು ಮಾಡಿ ಮೇಲ್ಮಡುವಿಗೆ ಎಸೆದ.

ಕೆಂಚನ ಹೆಂಡತಿ ಪುಟ್ಟೀರಿ ಎದೆ ಬಡಿದುಕೊಂಡು ಓಡಿಬಂದಳು. ಧೂಮಕ ನಕ್ಕ. "ಅವನ ಮೈಮೇಲಿನ ಹೇನು ಬಿಡಿಸು, ಮನುಷ್ಯನಾಗುತ್ತಾನೆ. ಬಿಡಿಸದಿದ್ದರೆ ರಕ್ತ ಬತ್ತಿ ಸಾಯುತ್ತಾನೆ."

ಅವಳು ಮೇಲ್ಮಡುವಿಗೆ ಇಳಿದಳು. ಗೆಂಡೆ ಮೀನು ತಾನಾಗಿಯೇ ಅವಳ ಕೈಗೆ ಬಂತು. ಆ ಮಡುವಿನಲ್ಲಿ ನೀರಿನ ಸೆಳೆತ ಜೋರು. ಹಾಗಾಗಿ ಅಲ್ಲಿಯ ಹೇನು ಕೊಚ್ಚಿಹೋಗದಂತೆ ಕಾಲಲ್ಲಿ ಕೊಕ್ಕೆ ಬೆಳೆಸಿಕೊಂಡು ರೆಕ್ಕೆಗೆ ಕಚ್ಚಿಕೊಂಡಿತ್ತು. ಪುಟ್ಟೀರಿ ಗಡಿಗೆಯಲ್ಲಿ ಉಪ್ಪುನೀರು ಕದಡಿ ಮೀನನ್ನು ಒಂದು ಕ್ಷಣ ಅದ್ದಿ ತೆಗೆದಳು. ಹೇನುಗಳು ಉದುರಿಹೋದವು.

"ಇನ್ನು ನನ್ನ ಗಂಡನನ್ನು ಕೊಡಿ."

"ಅಬ್ಬಾ, ಎಷ್ಟು ಅವಸರ! ಹೇನು ಮೂರು ಮಡುವಲ್ಲೂ ಇದೆಯಲ್ಲ" ಎಂದು ಧೂಮಕ ಮೀನನ್ನು ನಡುಮಡುವಿಗೆ ಎಸೆದ.

ನಡುಮಡುವಿನಲ್ಲಿ ಕೆಸರು, ನಿಂತ ನೀರು. ಅಲ್ಲಿಯ ಹೇನಿಗೆ ಕೊಕ್ಕೆ ಯಾಕೆ ಬೇಕು? ಅದು ನೂಲಿನ ಹಾಗೆ ಸಣ್ಣಗಾಗಿ ಕಿವಿರಿನೊಳಗೆ ಸೇರಿಕೊಂಡಿತ್ತು. ಪುಟ್ಟೀರಿ ಮತ್ತೆ ಉಪ್ಪುನೀರಿಗೆ ಅದ್ದಿದಳು. ಹೇನು ಅಲ್ಲಾಡಲಿಲ್ಲ, ಮೀನೇ ಒದ್ದಾಡಿತು. ಅವಳು ತಟ್ಟನೆ ಮೀನನ್ನು ಎತ್ತಿ, ಗಡಿಗೆಗೆ ಹೊಳೆಯ ನೀರು ತುಂಬಿ ಅದರಲ್ಲಿ ಬಿಟ್ಟಳು. ಆಮೇಲೆ ದಡದಲ್ಲಿ ಕೂತು ಯೋಚಿಸಿ, ಬಲೆ ಹಾಕಿ ಸಣ್ಣ ಸೀಗಡಿ ಹಿಡಿದು ಗಡಿಗೆಗೆ ಬಿಟ್ಟಳು. ಹಸಿದ ಸೀಗಡಿಗಳು ಕಿವಿರಿನೊಳಗೆ ಕಾಲು ತೂರಿಸಿ ಒಂದೊಂದೇ ನೂಲನ್ನು ಎಳೆದು ತಿಂದವು.

ಧೂಮಕ ಮೀನನ್ನು ಕಿತ್ತುಕೊಂಡು ಕೆಳಮಡುವಿಗೆ ಎಸೆದ.

ಕೆಳಮಡುವಿನಲ್ಲಿ ಪುಟ್ಟೀರಿ ಮೀನು ಹಿಡಿದು ನೋಡಿದಳು. ರೆಕ್ಕೆ ಚೊಕ್ಕಟ, ಕಿವಿರು ಚೊಕ್ಕಟ. ಖುಷಿಯಲ್ಲಿ ಕಣ್ಣು ತುಂಬಿ ಬಂತು. ಆಗ ಮೀನು ಬಾಯಿಬಿಟ್ಟು ಮಾತಾಡಿತು: "ಪುಟ್ಟೀರಿ, ನಾನಿಲ್ಲಿ ಸುಖವಾಗಿದ್ದೇನೆ. ನೀನು ಮನೆಗೆ ಹೋಗು."

ಅವಳ ಮೈ ಜುಮ್ಮೆಂದಿತು. ಬೆಸ್ತರ ಕೇರಿಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ, ಆಯುಸ್ಸು ಕಡಿಮೆಯಾಗುತ್ತದಂತೆ. ಮದುವೆಯಾದಾಗಿನಿಂದ ಕೆಂಚ ಅವಳನ್ನು ಕರೆದದ್ದು "ಏ, ಇವಳೇ" ಅಂತಲೇ.

"ನೀನು ನನ್ನ ಗಂಡನಲ್ಲ. ಯಾರು ನೀನು?" ಎಂದು ಬಾಯಿ ಅಗಲಿಸಿ ನೋಡಿದಳು. ಒಂದು ದಪ್ಪ ಬಿಳಿ ಹೇನು ನಾಲಿಗೆಯ ಬುಡವನ್ನು ಅಪ್ಪಿಕೊಂಡು, ತಾನೇ ನಾಲಿಗೆಯೆಂಬಂತೆ ಕೂತಿತ್ತು.

"ಎಳೆಯಬೇಡ" ಎಂದಿತು ಹೇನು. "ನನ್ನನ್ನು ಕಿತ್ತರೆ ಇವನ ನಾಲಿಗೆಯೂ ಕಿತ್ತುಬರುತ್ತದೆ."

ಪುಟ್ಟೀರಿ ಅಲ್ಲೇ ಕುಸಿದು ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು: "ಈ ಬಾಯಲ್ಲಿ ನಿನಗೆ ತಿನ್ನಲು ಏನು ಸಿಗುತ್ತೆ?"

"ಪಾಚಿ. ಹುಳು. ಮತ್ತೆ ಪಾಚಿ" ಎಂದಿತು ಹೇನು, ಬೇಸರದಿಂದ.

"ಒಬ್ಬಟ್ಟು ತಿನ್ನೋ ಬಾಯಿ ತೋರಿಸಿದರೆ ಹೋಗ್ತೀಯಾ?"

"ಒಬ್ಬಟ್ಟು ಅಂದರೇನು?"

"ನೋಡಿದರೆ ಗೊತ್ತಾಗುತ್ತೆ, ಬಾ."

ಮೀನಿದ್ದ ಗಡಿಗೆ ಹೊತ್ತು ಹೋದಾಗ ಧೂಮಕ ಎಲೆಯ ಮುಂದೆ ಕೂತು, ತುಪ್ಪ ಸುರಿದುಕೊಂಡು ಒಬ್ಬಟ್ಟು ಮುರಿಯುತ್ತಿದ್ದ. ಪುಟ್ಟೀರಿ ತಲೆ ತಗ್ಗಿಸಿ, "ಸೋತೆ ಸ್ವಾಮಿ. ನನಗೇನೋ ಬಿಡಿಸಲಾಗಲಿಲ್ಲ. ಆದರೆ ಈ ಹೇನು ನಿಮ್ಮ ಮಾತೂ ಕೇಳೋದಿಲ್ಲವಂತೆ" ಎಂದಳು.

"ನನ್ನ ಮಾತು ಕೇಳುವುದಿಲ್ಲವೇ? ಹುಟ್ಟಿಸಿದವನೇ ನಾನು!" ಧೂಮಕ ಗಡಿಗೆಯ ಮೇಲೆ ಬಗ್ಗಿ, ಬಾಯಿ ದೊಡ್ಡದಾಗಿ ತೆರೆದು ಮಂತ್ರ ಹೇಳಿದ. ಮಂತ್ರ ನಾಟಲಿಲ್ಲ. ತಲೆಮಾರು ಉರುಳಿ ಉರುಳಿ, ಅವನು ಹುಟ್ಟಿಸಿದ ಹೇನಿಗೂ ಇದಕ್ಕೂ ಅಷ್ಟು ದೂರವಾಗಿತ್ತು. ಆದರೆ ಆ ತೆರೆದ ಬಾಯಿಯಿಂದ ಬೆಲ್ಲ, ಏಲಕ್ಕಿ, ತುಪ್ಪದ ಘಮ ಬಂತು ನೋಡಿ, ಹೇನು ಒಂದೇ ನೆಗೆತಕ್ಕೆ ಒಳಗೆ ಹೋಗಿ ನಾಲಿಗೆ ಹಿಡಿದುಕೂತಿತು.

ಧೂಮಕ ಇನ್ನೊಂದು ಮಂತ್ರ ಹೇಳಲು ಹೋದ. "ಇನ್ನೊಂದು ಒಬ್ಬಟ್ಟು ಹಾಕಿ" ಎಂದಿತು ಬಾಯಿ. ಶಪಿಸಲು ಹೋದ. "ತುಪ್ಪ ಕಡಿಮೆಯಾಯಿತು" ಎಂದಿತು.

ನಾಲಿಗೆ ಹೋಯಿತು, ಅವನು ಹಾಕಿದ್ದ ಮಂತ್ರವೆಲ್ಲ ಬಿದ್ದುಹೋಯಿತು. ಗಡಿಗೆ ಒಡೆದು ಕೆಂಚ ಎದ್ದು ಕೂತ. ಒಣಗಿದ ಕಡ್ಡಿಯಂತಾಗಿದ್ದ. ಪುಟ್ಟೀರಿ ಅವನನ್ನು ಬಾಯಿಗೆ ಬಂದ ಹಾಗೆ ಬೈದು, ಆಮೇಲೆ ತಬ್ಬಿಕೊಂಡು ಊರೆಲ್ಲ ಕೇಳುವಂತೆ ಅತ್ತಳು.

ರಾಜ ಕಟ್ಟೆ ಒಡೆಸಿದ. ಹೇನುಗಳೇನೂ ಮಾಯವಾಗಲಿಲ್ಲ, ಮಂತ್ರದ ದಾಹ ಹೋಗಿ, ಎಲ್ಲ ಹೊಳೆಗಳಲ್ಲಿ ಇರುವಂತೆ ಅವೂ ಅಷ್ಟಿಷ್ಟು ಉಳಿದವು. ಮೀನು ಕೊಬ್ಬಿದವು, ಮಕ್ಕಳ ಹೊಟ್ಟೆ ತುಂಬಿತು, ಕೆಂಚ ಪುಟ್ಟೀರಿ ಮೊಮ್ಮಕ್ಕಳನ್ನು ಕಂಡರು. ಧೂಮಕ ಮನೆಮನೆಯ ಮುಂದೆ ನಿಂತು ಸಿಹಿ ಬೇಡುತ್ತಾ ತಿರುಗಿದ. ಮಡುನಾಡಿನವರು ಒಳ್ಳೆಯವರು, ಹಬ್ಬದ ದಿನ ಕರೆದು ಎಲೆ ಹಾಕುತ್ತಿದ್ದರು. ಹೀಗೆ ಎಲ್ಲರೂ ಸುಖವಾಗಿದ್ದರು, ಎಲ್ಲರಿಗಿಂತ ಸುಖವಾಗಿದ್ದದ್ದು ಆ ಹೇನು.