ಬುಡನ್ ಸಾಬರ ಹಾಳೆ

ದಿನಾಂಕ 16-06-2025, ಸೋಮವಾರ, ಬೆಳಿಗ್ಗೆ 11.10. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ ಗಂಗಾಂಬಿಕೆ ಗುಬ್ಬಿ ಠಾಣೆಗೆ ದೂರು ತಂದರು. 1938ನೇ ಸಾಲಿನ ದಾಖಲಾತಿ ರಿಜಿಸ್ಟರಿನಿಂದ ಅರವತ್ತೆರಡನೆಯ ಹಾಳೆ ಕಳುವಾಗಿತ್ತು. ಎಫ್‌ಐಆರ್ ದಾಖಲಿಸಿದ ಇನ್ಸ್‌ಪೆಕ್ಟರ್ ರೇಣುಕಾಪ್ರಸಾದ್, ಕಾನ್‌ಸ್ಟೆಬಲ್ ನೇತ್ರಾವತಿಯನ್ನು ಕರೆದುಕೊಂಡು ಶಾಲೆಗೆ ಹೋದರು.

ರಿಜಿಸ್ಟರಿನ ಮುಕ್ಕಾಲು ಪಾಲನ್ನು ಗೆದ್ದಲು ತಿಂದಿತ್ತು. ಅದರ ಬಗ್ಗೆ ಯಾರೂ ಯಾವತ್ತೂ ದೂರು ಕೊಟ್ಟಿರಲಿಲ್ಲ. ಕಳುವಾದ ಹಾಳೆಯನ್ನು ಮಾತ್ರ ಸ್ಕೇಲಿಟ್ಟು ನೀಟಾಗಿ ಹರಿಯಲಾಗಿತ್ತು.

"ಇದನ್ನ ಯಾರು ಕೇಳ್ಕೊಂಡ್ ಬಂದಿದ್ರು?"

"ಕುಣಿಗಲ್ ಕಡೆ ಸಾಬ್ರೊಬ್ರು ಸರ್, ವಯಸ್ಸಾದೋರು. ಅವ್ರಪ್ಪ ಇಲ್ಲಿ ಓದಿದ್ರಂತೆ. ನಕಲು ಬೇಕು ಅಂತ ಐದು ಸಲ ಬಂದಿದ್ರು."

"ಕೊಟ್ರಾ?"

"ಕ್ಲರ್ಕ್ ರಜದಲ್ಲಿದ್ರು."

"ಐದು ಸಲಾನೂ?"

ಗಂಗಾಂಬಿಕೆ ಸೆರಗು ಸರಿಮಾಡಿಕೊಂಡರು.

"ಹೋಗ್ಲಿ, ಅವ್ರ ಹೆಸರು? ಅರ್ಜಿ ಕೊಟ್ಟಿರ್ಬೇಕಲ್ಲ."

"ಅರ್ಜಿ ಸಿಕ್ತಿಲ್ಲ ಸರ್."

"ಅದಕ್ಕೂ ಒಂದು ಎಫ್‌ಐಆರ್ ಹಾಕೋಣ್ವಾ ಮೇಡಂ?"

ಜೀಪು ಹತ್ತುವಾಗ ನೇತ್ರಾವತಿ ಹೇಳಿದಳು: "ಸರ್, ಹಳೇ ಕಾಗದ ಕೈಗೆ ಸಿಕ್ರೆ ನಮ್ ಜನ ಮೊದ್ಲು ಓಡೋದೇ ಲ್ಯಾಮಿನೇಷನ್‌ಗೆ. ನಮ್ಮವ್ವ ನನ್ ಅಪಾಯಿಂಟ್‌ಮೆಂಟ್ ಆರ್ಡರ್ನೂ ಬಿಟ್ಟಿಲ್ಲ."

ಮಾರನೆಯ ದಿನ ಗುಬ್ಬಿಯ ಮೂರು ಅಂಗಡಿಗಳಲ್ಲಿ ವಿಚಾರಿಸಿದರು. ಅಷ್ಟು ದೊಡ್ಡ ಹಾಳೆ ಹಿಡಿಸುವ ಮೆಷಿನ್ ಇರುವುದು ತುಮಕೂರಿನಲ್ಲಿ ಎಂದರು ಅಂಗಡಿಯವರು. ಮಧ್ಯಾಹ್ನ 3.40ಕ್ಕೆ ಶಿರಾ ಗೇಟ್ ಹತ್ತಿರದ ಜೆರಾಕ್ಸ್ ಅಂಗಡಿಯ ಅಫ್ತಾಬ್ ತಲೆಯಾಡಿಸಿದ.

"ಬಂದಿದ್ರು ಸರ್. ಹಾಳೆ ಮೆಷಿನ್ ಒಳಗೆ ಹೋಗೋವರ್ಗೂ ಕೈ ಬಿಡ್ಲಿಲ್ಲ. ಬೆರಳೂ ಲ್ಯಾಮಿನೇಷನ್ ಆಯ್ತದೆ ಚಾಚಾ ಅಂದೆ. ಮೊಮ್ಮಗಳಿಗೆ ಫೋಟೋ ವಾಟ್ಸಾಪ್ ಮಾಡು ಅಂತ ನಂಬರ್ ಕೊಟ್ರು."

ಆ ನಂಬರಿನಿಂದ ವಿಳಾಸ ಸಿಕ್ಕಿತು.

18ರ ಬೆಳಿಗ್ಗೆ 7.30, ಕುಣಿಗಲ್. ಮೆಹಬೂಬ್ ಪಾಷಾ, 68 ವರ್ಷ, ವೆಲ್ಡಿಂಗ್ ಕೆಲಸ. ಜೀಪು ಕಂಡವರೇ ಒಳಗೆ ಹೋಗಿ, ಹಾಳೆಯನ್ನು ತಾವೇ ತಂದಿಟ್ಟರು.

"ಯಾಕೆ ಹರಿದ್ರಿ?"

"ಮೊಮ್ಮಗಳು ಮೆಹನಾಜ್‌ಗೆ ನರ್ಸಿಂಗ್ ಸೀಟು ಸಾರ್. ಶುಕ್ರವಾರದೊಳಗೆ ಜಾತಿ ಸರ್ಟಿಫಿಕೇಟ್ ಕೊಡ್ಬೇಕು. ನಾವು ನಾಲಬಂದ್‌ಗಳು, ಕುದುರೆಗೆ ಲಾಳ ಹೊಡೆಯೋರು. ಅದಕ್ಕೆ ದಾಖಲೆ ಏನೈತೆ ಅಂದ್ರು ತಾಲ್ಲೂಕ್ ಆಫೀಸ್ನಾಗೆ. ನಮ್ಮಜ್ಜ ಬುಡನ್ ಸಾಬ್ರ ಕೈ ಇತ್ತು ಸಾರ್, ಕುದುರೆ ಒದ್ದು ಎರಡು ಬೆರಳು ಹೋಗಿದ್ದ ಕೈ. ಅದ್ನ ಮಣ್ಣು ಮಾಡ್ಬಿಟ್ವಿ."

"ಫೋಟೋ ತಗೊಂಡಿದ್ರೆ ಆಗ್ತಿರ್ಲಿಲ್ವಾ?"

"ಫೋಟೋ ನಡೆಯಲ್ಲ, ಒರಿಜಿನಲ್ ತಗಂಡ್ ಬಾ ಅಂದ್ರು. ತಗಂಡ್ ಬಂದೆ."

"ಆಫೀಸಲ್ಲಿ ತೋರಿಸಿದ್ರಾ?"

"ನಾಳೆ ಬಾ ಅಂದವ್ರೆ."

ಬಾಗಿಲಲ್ಲಿ ನಿಂತಿದ್ದ ಮೆಹನಾಜ್ ಅಳುತ್ತಿದ್ದಳು. "ದಾದಾ, ನಂಗೆ ಸೀಟೇ ಬೇಡ."

"ಸುಮ್ನಿರು ಕಣೇ. ನಿಂಗೊಬ್ಳಿಗೇನಾ ಇದು?"

ಕುದುರೆ ಹತ್ತಿದವರ ಹೆಸರು ಬೀದಿಬೀದಿಗಿದೆ. ಲಾಳ ಹೊಡೆದವನ ಹೆಸರು ಗೆದ್ದಲು ಬಿಟ್ಟ ಒಂದು ಹಾಳೆಯಲ್ಲಿತ್ತು.

ಜಪ್ತಿ ಪಂಚನಾಮೆಯಲ್ಲಿ ನೇತ್ರಾವತಿ ಬರೆದಳು: 'ಲ್ಯಾಮಿನೇಷನ್ ಮಾಡಿಸಿದ ಹಳೆಯ ಹಾಳೆ, ಒಂದು.'

"ಅಷ್ಟೇನಾ?" ರೇಣುಕಾಪ್ರಸಾದ್ ಕೇಳಿದರು. "ಅದ್ರಲ್ಲಿ ಏನಿದೆ ಓದಿ ಬರಿಯಮ್ಮ."

ಅವಳು ಜೋರಾಗಿ ಓದುತ್ತ ಬರೆದಳು: 'ಕ್ರಮ ಸಂಖ್ಯೆ 411. ಹೆಸರು ಹೈದರ್. ತಂದೆ ಬುಡನ್ ಸಾಬ್. ಕಸುಬು ಲಾಳ ಕಟ್ಟುವುದು. ಜಾತಿ ನಾಲಬಂದ್.' ಪಂಚರಾದ ನೆರೆಯವರಿಬ್ಬರು ಸಹಿ ಹಾಕಿದರು. ನಿಯಮದಂತೆ ಒಂದು ಪ್ರತಿ ಆರೋಪಿಗೆ ಸೇರಬೇಕು.

ಪಾಷಾ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಇದು ಒರಿಜಿನಲ್ಲಾ ಸಾರ್?"

"ನನ್ ಸೈನ್ ಒರಿಜಿನಲ್ಲು. ಮೊಮ್ಮಗಳ ಕೈಗೆ ಕೊಡಿ. ಇವತ್ತೇ ಆಫೀಸಿಗೆ ಹೋಗ್ಲಿ. ಒಪ್ಪಲ್ಲ ಅಂದ್ರೆ ಬರೆದು ಕೊಡಿ ಅಂತ ಕೇಳ್ಲಿ."

9.05ಕ್ಕೆ ಬಂಧನ. ಪಾಷಾ ತಾವೇ ಜೀಪು ಹತ್ತಿ ಕುಳಿತರು.

ಅಂದಿನ ಕೇಸ್ ಡೈರಿಯಲ್ಲಿ, ಕೃತ್ಯದ ಉದ್ದೇಶದ ಎದುರು, ಇನ್ಸ್‌ಪೆಕ್ಟರ್ ತಮ್ಮ ಕೈಬರಹದಲ್ಲಿ ಬರೆದರು: 'ಲಾಭಕ್ಕಾಗಿ ಅಲ್ಲ. ನೀನು ಯಾರು ಎಂದು ಕೇಳಿದ ಸರ್ಕಾರಕ್ಕೆ, ಸರ್ಕಾರದ್ದೇ ಕಾಗದದಲ್ಲಿ ಉತ್ತರ ಕೊಡಲು.'