ಅತ್ತೆಯ ಅಂಗಡಿಗೆ ಬೀಗ

ಕತ್ತಿ ನನ್ನ ಗಂಟಲ ಮೇಲಿತ್ತು.

"ಅಲ್ಲಾಡಬೇಡಿ, ಅಳಿಯಂದ್ರೇ!"

ಅಲ್ಲಾಡೋದಾ? ನಾನು ಉಸಿರೂ ಬಿಟ್ಟಿರಲಿಲ್ಲ ಸ್ವಾಮಿ!

ಕತ್ತಿ ಹಿಡಿದಿದ್ದು ನನ್ನ ಹೆಂಡತಿಯ ತಾಯಿ. ಮಾವ ಹೋದಮೇಲೆ ಕಟಿಂಗ್ ಶಾಪ್ ನಡೆಸ್ತಿರೋದು ಅವರೇ. ನಾನು? ಅಂಗಡಿ ಖಾಲಿ ಮಾಡಿಸೋನು. ಸಿಟಿ ಸೆಂಟರಿಗೆ ಹೊಸ ಜೀವ ತುಂಬ್ತೀವಿ ಅಂತ ದೊಡ್ಡ ಕಂಪನಿಯೊಂದು ಕೋಟಿಗಟ್ಟಲೆ ಸುರಿದಿತ್ತು. ಹೊಸ ಜೀವ ಬರಬೇಕಾದ್ರೆ ಹಳೇ ಜೀವಗಳು ಜಾಗ ಬಿಡಬೇಕಲ್ಲ... ಅದಕ್ಕೆ ನಾನು! ಟೈಲರ್, ಬೀಗ ರಿಪೇರಿಯವನು, ಮಿಕ್ಕ ಕಟಿಂಗ್ ಶಾಪ್‌ಗಳು... ಎಲ್ಲರನ್ನೂ ಎಬ್ಬಿಸಿದ್ದೆ. ಉಳಿದಿದ್ದು ಇದೊಂದೇ.

ಬೀಗ ಹಿಡಿದೇ ಬಂದಿದ್ದೆ. ಅತ್ತೆ ನಗುನಗ್ತಾ "ಗಡ್ಡ ಬೆಳೆದಿದೆ, ಕೂತ್ಕೊಳ್ಳಿ" ಅಂದ್ರು. ಕೂತೆ. ನನ್ನಂಥ ಪೆದ್ದ ಇನ್ನೊಬ್ಬ ಇಲ್ಲ!

"ಹನ್ನೆರಡಕ್ಕೆ ನಗರಸಭೆ ಇನ್‌ಸ್ಪೆಕ್ಟರ್ ಬರ್ತಾರಲ್ವಾ?"

"ಹೂಂ..."

"ಅಂಗಡಿ ಮುಚ್ಚಿದ್ರೆ?"

"ಬುಲ್ಡೋಜರ್."

"ಕುರ್ಚಿಯಲ್ಲಿ ಗಿರಾಕಿ ಇದ್ರೆ?"

"ನಡೆಯೋ ಅಂಗಡಿ. ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ತೆಪ್ಪಗೆ ಕೂತಿರಿ. ಬೇಲಿ ಹಾಕಿ ನನ್ನ ಗಿರಾಕಿಗಳನ್ನ ಓಡಿಸಿದ್ದು ನೀವೇ ತಾನೇ? ಇವತ್ತು ನೀವೇ ಗಿರಾಕಿ!"

ಜೇಬಲ್ಲಿ ಫೋನ್. ಕಂಪನಿ ಮ್ಯಾನೇಜರ್! ಅತ್ತೆಯೇ ತೆಗೆದು ಸ್ಪೀಕರ್ ಒತ್ತಿದ್ರು.

"ಖಾಲಿ ಆಯ್ತಾ?"

"ಆಗ್ತಾ ಇದೆ ಸಾರ್..."

"ಸುಳ್ಳು ಬೊಗಳ್ಬೇಡ! ಅದು ನಿನ್ನ ಅತ್ತೆ ಅಂಗಡಿ ಅಂತ ಈಗ ಗೊತ್ತಾಯ್ತು. ಇಬ್ಬರನ್ನ ಕಳಿಸಿದ್ದೀನಿ. ನಿನ್ನನ್ನೂ ಸೇರಿಸಿ ಹೊರಗೆಸೀತಾರೆ!"

ಬಾಗಿಲು ಢಬಾರ್!

ಇಬ್ಬರು. ಒಬ್ಬ ಕಬ್ಬಿಣದ ಬೀರು. ಇನ್ನೊಬ್ಬ ಬೀರುವಿನ ಅಣ್ಣ.

"ಏಯ್! ಚಪ್ಪಲಿ ಬಿಟ್ಟು ಒಳಗೆ ಬನ್ರೋ!" ಅತ್ತೆ ಗದರಿದ್ರು.

ಇಬ್ಬರೂ ಕಾಲು ನೋಡ್ಕೊಂಡ್ರು. ನಾನು ಹಿಂಬಾಗಿಲಿಂದ ಪರಾರಿ!

ಓಡಿದೆ... ಕೊರಳಲ್ಲಿ ಬಿಳಿ ಬಟ್ಟೆ, ಕೆನ್ನೆ ಮೇಲೆ ನೊರೆ. ಹಿಂದೆ ಎರಡೂ ಬೀರು! ನಿಜ ಹೇಳ್ಲಾ? ಅವರಿಗೆ ಹೆದರಿ ಓಡಲಿಲ್ಲ. ಅತ್ತೆ ಬೀದಿಗೆ ಬಿದ್ರೆ ಹೆಂಡತಿಗೆ ಯಾವ ಮುಖ ತೋರಿಸ್ಲಿ? ಬೀಗ ಹಿಡಿದು ಬಂದಾಗ ಇಲ್ಲದ ನಾಚಿಕೆ ಈಗ ಬಂತು ಸ್ವಾಮಿ! ಒಬ್ಬ ಗಿರಾಕಿ ಬೇಕಿತ್ತು. ಯಾರಾದ್ರೂ ಸರಿ!

ಬೀದಿಯುದ್ದಕ್ಕೂ ಕಂಪನಿಯ ಬೇಲಿ. ಬೇಲಿ ಮೇಲೆ ಹಲ್ಲು ಬಿಟ್ಟು ನಗೋ ಜನರ ಚಿತ್ರ. ನಿಜವಾದ ನರಪಿಳ್ಳೆ ಒಂದೂ ಇಲ್ಲ!

ತಿರುವಿನಲ್ಲಿ ಕಾರು! ಬ್ರೇಕ್ ಕಿರ್ರ್... ಬಾನೆಟ್ ಮೇಲೆ ಬಿದ್ದೆ.

ಗ್ಲಾಸ್ ಇಳೀತು. ಸಾಕ್ಷಾತ್ ಕಂಪನಿ ಚೇರ್ಮನ್! ಅಡಿಗಲ್ಲು ಹಾಕಿ ಫೋಟೋ ತೆಗೆಸ್ಕೊಳ್ಳೋಕೆ ವಿಮಾನ ಇಳಿದು ನೇರ ಬಂದಿದ್ದಾರೆ. ಮುಖದ ತುಂಬ ಕುರುಚಲು ಗಡ್ಡ.

ಉಗೀತಾರೆ ಅಂದ್ಕೊಂಡೆ. ಅವರ ಕಣ್ಣು ನನ್ನ ನೊರೆ ಮೇಲೆ!

"ಶೇವಿಂಗ್... ಎಲ್ಲಿ ಮಾಡಿಸ್ತಾ ಇದ್ದೆ?"

"ಯಾಕೆ ಸಾರ್?"

"ಆಗಿನಿಂದ ಸುತ್ತಾ ಇದ್ದೀನಿ ಕಣಯ್ಯ. ಇಡೀ ಏರಿಯಾದಲ್ಲಿ ಒಂದು ಕಟಿಂಗ್ ಶಾಪ್ ಇಲ್ಲ! ಯಾವ ಮುಠ್ಠಾಳ ಮುಚ್ಚಿಸಿದ?"

ಆ ಮುಠ್ಠಾಳನ ಪರಿಚಯ ಮಾಡಿಕೊಡೋ ಸಮಯ ಅದಲ್ಲ.

"ಬನ್ನಿ ಸಾರ್, ತೋರಿಸ್ತೀನಿ!"

ಬೀರುಗಳು ಚೇರ್ಮನ್‌ಗೆ ಸಲ್ಯೂಟ್ ಹೊಡೆದು ಬೇಲಿಗೆ ಅಂಟಿಕೊಂಡ್ರು.

ಹನ್ನೆರಡಕ್ಕೆ ಇನ್‌ಸ್ಪೆಕ್ಟರ್ ಬಂದ್ರು. ಜೊತೆಗೆ ಮ್ಯಾನೇಜರ್. ಬಾಗಿಲಲ್ಲೇ ಶುರು ಹಚ್ಕೊಂಡ.

"ಪಾಳು ಬಿದ್ದಿದೆ ಸಾರ್. ಇಲ್ಲಿಗೆ ನಾಯಿ ಕೂಡ ಬರಲ್ಲ!"

ಕುರ್ಚಿ ತಿರುಗಿತು. ನೊರೆಯೊಳಗಿಂದ ಚೇರ್ಮನ್ ಕಣ್ಣು ಬಿಟ್ರು.

"ಏನಂದೆ? ಯಾರು ಬರಲ್ಲ?"

ಮ್ಯಾನೇಜರ್ ಮುಖ ಹರಳೆಣ್ಣೆ ಕುಡಿದ ಹಾಗಾಯ್ತು!

"ಮಾತಾಡ್ಬೇಡಿ ಯಜಮಾನ್ರೇ, ತುಟಿ ಕೊಯ್ದೀತು" ಅಂದ್ರು ಅತ್ತೆ.

ಇನ್‌ಸ್ಪೆಕ್ಟರ್ ಕುರ್ಚಿ ನೋಡಿದ್ರು, ಗಿರಾಕಿ ನೋಡಿದ್ರು. "ಅಂಗಡಿ ನಡೀತಾ ಇದೆ" ಅಂತ ಷರಾ ಬರೆದು ಹೊರಟೇ ಹೋದ್ರು.

ಉಳೀತು! ಅಂಗಡಿ ಉಳೀತು! ನನ್ನ ಕೆಲಸ ಮಾತ್ರ ಹೋಯ್ತು... ಮ್ಯಾನೇಜರ್ ಹಲ್ಲು ಕಡೀತಾ ಅಲ್ಲೇ ಹೇಳಿ ಹೋದ.

ಎಲ್ಲರೂ ಹೋದಮೇಲೆ ಅತ್ತೆ ಮೂಲೆ ಕಡೆ ಕೈ ತೋರಿಸಿದ್ರು.

"ಈಗ ಬಿಡುವೇ ತಾನೇ, ಅಳಿಯಂದ್ರೇ? ಕೂದಲು ಬಿದ್ದಿದೆ. ಪೊರಕೆ ಅಲ್ಲಿದೆ."

ಇಡೀ ಸಿಟಿ ಸೆಂಟರನ್ನೇ ಗುಡಿಸಿ ಹಾಕಿದವನು ನಾನು... ಪೊರಕೆ ಹಿಡಿದಿದ್ದು ಮಾತ್ರ ಅವತ್ತೇ ಮೊದಲು!