ಪಾಲಿಶ್ ಹತ್ತಿದ ಕೈ

ಈ ಭಾನುವಾರವೂ ಅವನು ಬಾಗಿಲವರೆಗೆ ಬಂದು ಹಿಂದಿರುಗಿಬಿಟ್ಟ!

ಗಾಜಿನ ಪೆಟ್ಟಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅವಳು ನೋಡುತ್ತಲೇ ಇದ್ದಳು. ಗಂಡ ಹಸಿರು ಗೌನ್ ತೊಟ್ಟು ಬಂದ, ಬಾಗಿಲ ಗಾಜಿಗೆ ಹಣೆ ಹಚ್ಚಿ ನಿಂತ... ಆಮೇಲೆ ಗೌನ್ ಕಳಚಿ ಮೊಳೆಗೆ ಸಿಕ್ಕಿಸಿ ಹೊರಟೇಹೋದ. ಒಂಬತ್ತು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬಂದವನಿಗೆ, ಮಗಳ ಹತ್ತಿರ ಬರಲು ಒಂಬತ್ತು ಹೆಜ್ಜೆ ಇಡಲು ಆಗದೇ?

ಇದು ನಾಲ್ಕನೇ ಸಲ.

ಮಗು ಏಳು ತಿಂಗಳಿಗೇ ಅವಸರ ಮಾಡಿ ಹುಟ್ಟಿತ್ತು. ಊರಿನ ಡಾಕ್ಟರು ಕೈಚೆಲ್ಲಿ ಇಷ್ಟು ದೂರದ ಆಸ್ಪತ್ರೆಗೆ ಕಳಿಸಿದ್ದರು. ಅಂಗೈಯಲ್ಲಿ ಹಿಡಿಯುವಷ್ಟು ದೇಹ, ಅದಕ್ಕೆ ನಾಲ್ಕು ವೈರು. ಇಲ್ಲಿನ ದೊಡ್ಡ ಸಿಸ್ಟರ್ ಗುಬ್ಬಿ ಎಂದು ಕರೆದರು, ಅದೇ ಹೆಸರಾಯಿತು. ಗುಬ್ಬಿಗೆ ಒಂದೇ ಒಂದು ಕೆಟ್ಟ ಅಭ್ಯಾಸ. ಆಗಾಗ ಉಸಿರಾಡುವುದನ್ನೇ ಮರೆತುಬಿಡುತ್ತಿದ್ದಳು. ಮೆಷಿನ್ ಕೂಗುತ್ತಿತ್ತು, ಸಿಸ್ಟರ್ ಓಡಿಬಂದು ಪುಟ್ಟ ಪಾದ ತಟ್ಟುತ್ತಿದ್ದರು, ಇವಳ ಜೀವ ಬಾಯಿಗೆ ಬರುತ್ತಿತ್ತು. ಈ ವಾರ ಡಾಕ್ಟರು ಮಗುವನ್ನು ಬಟ್ಟೆ ಸರಿಸಿ ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ ಎಂದರು. ದೊಡ್ಡವರ ಉಸಿರಿನ ಪಕ್ಕ ಮಗುವಿನ ಉಸಿರೂ ದಾರಿಗೆ ಬರುತ್ತದಂತೆ. ನಿಜವಾಗಿ ಬಂತು. ನಾಲ್ಕು ದಿನದಲ್ಲಿ ಮೆಷಿನ್ ಕೂಗಿದ್ದು ಎರಡೇ ಸಲ.

ಆದರೆ ಅವನು?

ಹೋದ ವಾರ ಕೇಳಿಯೇಬಿಟ್ಟಿದ್ದಳು, ಯಾಕೆ ಒಳಗೆ ಬರುವುದಿಲ್ಲ ಎಂದು. ಜೇಬಿನಿಂದ ಕೈ ತೆಗೆಯದೆ, ನೆಲ ನೋಡುತ್ತಾ, ಮುಂದಿನ ವಾರ ಎಂದಿದ್ದ. ಮದುವೆಗೆ ಮೊದಲು ಇವಳ ತವರಿಗೆ ಬಂದು, ಮೂರು ದಿನದಲ್ಲಿ ಮುಗಿಯುವ ಅಮ್ಮನ ಕಪಾಟಿನ ಪಾಲಿಶ್ ಕೆಲಸವನ್ನು ಹತ್ತು ದಿನ ಎಳೆದವನು ಇವನೇನಾ! ಆ ಕಪಾಟಿಗೆ ಅಷ್ಟು ಹೊಳಪು ಯಾಕೆ ಬೇಕಿತ್ತೆಂದು ಮನೆಮಂದಿಗೆಲ್ಲ ಗೊತ್ತಾಗಿಹೋಗಿತ್ತು. ಆಗ ಇವಳಿಗಾಗಿ ಹತ್ತು ದಿನ ನಿಂತವನು ಈಗ ಮಗಳಿಗಾಗಿ ಹತ್ತು ನಿಮಿಷ ನಿಲ್ಲಲಾರ.

'ಇವಳು ಉಳಿಯಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದಾನಾ? ಹಚ್ಚಿಕೊಂಡರೆ ಕಷ್ಟ ಅಂತ ದೂರ ನಿಂತಿದ್ದಾನಾ?'

ಅಷ್ಟರಲ್ಲಿ ಅವಳಿಗೆ ಸೀನು ಬಂತು. ಒಂದಲ್ಲ, ಮೂರು.

ದೊಡ್ಡ ಸಿಸ್ಟರ್ ಮುಖ ಗಂಭೀರವಾಯಿತು. ನೆಗಡಿ ಇಳಿಯುವ ತನಕ ಒಳಗೆ ಬರಬೇಡಿ, ಮಗುವಿಗೆ ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ, ಎದೆಯ ಮೇಲೆ ಮಲಗಿಸಿಕೊಳ್ಳಲು ಅಪ್ಪನನ್ನು ಕಳಿಸಿ ಎಂದರು. ಅಪ್ಪ! ಯಾವ ಮುಖ ಇಟ್ಟುಕೊಂಡು ಕರೆಯಲಿ?

ಕರೆಯದೆ ವಿಧಿಯಿರಲಿಲ್ಲ. ಕಾರಿಡಾರಿನ ಕೊನೆ, ತಿರುವಿನಾಚೆ, ಕೈ ತೊಳೆಯುವ ತೊಟ್ಟಿಯ ಮುಂದೆ ಸಿಕ್ಕ. ಬಟ್ಟೆ ಒಗೆಯುವ ಬ್ರಷ್ಷಿನಿಂದ ಬೆರಳು ಉಜ್ಜಿಕೊಳ್ಳುತ್ತಿದ್ದ. ಕೈ ಕೆಂಪಗೆ ಉರಿಯುತ್ತಿತ್ತು.

"ಏನ್ರೀ ಮಾಡ್ತಿದ್ದೀರಿ?"

ಅವನು ತಟ್ಟನೆ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವಳು ಬಿಡಲಿಲ್ಲ, ಎಳೆದು ನೋಡಿದಳು. ಹನ್ನೆರಡು ವರ್ಷದ ಪಾಲಿಶ್ ಗೆರೆಗೆರೆಯಲ್ಲೂ ಕಂದಾಗಿ ಕೂತಿತ್ತು.

ಆಮೇಲೆ ಒಂದೊಂದೇ ಮಾತು ಹೊರಬಂತು. ಮೊದಲ ಭಾನುವಾರ ದೊಡ್ಡ ಸಿಸ್ಟರ್ ಅವನ ಕೈ ನೋಡಿ, ಚೆನ್ನಾಗಿ ತೊಳೆದು ಬನ್ನಿ, ಕೊಳೆ ಕೈಯಲ್ಲಿ ಮಗು ಮುಟ್ಟುವ ಹಾಗಿಲ್ಲ ಎಂದಿದ್ದರಂತೆ. ತೊಳೆದ, ಬಣ್ಣ ಹೋಗಲಿಲ್ಲ. ಅಂದಿನಿಂದ ಅಂಗಡಿಯಲ್ಲಿ ಪಾಲಿಶ್ ಮುಟ್ಟಿಲ್ಲ, ಹಲಗೆ ಹೊರುತ್ತಿದ್ದಾನೆ. ಉಗುರಿನ ಬುಡದಲ್ಲಿ ಒಂದಿಷ್ಟು ತಿಳಿ ಬಣ್ಣ ಮೂಡಿತ್ತು. ಅದನ್ನೇ ತೋರಿಸಿದ.

"ಇನ್ನೊಂದು ತಿಂಗಳು ಕಣೇ... ಪೂರ್ತಿ ಹೋಗುತ್ತೆ."

"ನಂಗೊಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಈ ಕೈ ನೋಡಿ ಮಗಳನ್ನ ಹೇಗೆ ಕೊಡೋದು ಅಂತ ನಿಮ್ಮಮ್ಮ ಅವತ್ತೇ ಅಂದಿದ್ರು. ಈಗ ನನ್ನ ಮಗಳನ್ನೂ ಮುಟ್ಟೋ ಹಾಗಿಲ್ಲ ಅಂತ ಹೇಳ್ಲಾ?"

ಅವಳಿಗೆ ಅಳು ಒತ್ತರಿಸಿ ಬಂತು. ಛೇ, ಇಂಥವನ ಬಗ್ಗೆ ಏನೇನೆಲ್ಲ ಯೋಚಿಸಿಬಿಟ್ಟೆ! ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ದೊಡ್ಡ ಸಿಸ್ಟರ್ ಮುಂದೆ ನಿಲ್ಲಿಸಿದಳು. ಅವರು ಎರಡೂ ಅಂಗೈ ತಿರುಗಿಸಿ ನೋಡಿದರು.

"ಕೈ ಶುಚಿಯಾಗಿರಲಿ ಅಂದೆ ಕಣಪ್ಪಾ, ಬೆಳ್ಳಗಿರಲಿ ಅಂದ್ನಾ? ಇದು ಕೊಳೆಯಲ್ಲ. ಬಾ, ಶರ್ಟ್ ಬಿಚ್ಚು."

ಈಗ ಬಾಗಿಲ ಗಾಜಿಗೆ ಹಣೆ ಹಚ್ಚುವ ಸರದಿ ಅವಳದು. ಸಿಸ್ಟರ್ ಗುಬ್ಬಿಯನ್ನು ಎತ್ತಿ ಅವನ ಎದೆಗೆ ಇಟ್ಟರು. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದಿದ್ದ. ಕೊನೆಗೆ ಮೆಲ್ಲನೆ ಇಳಿಸಿದ. ಆ ಕಂದು ಅಂಗೈಯಡಿ ಮಗಳ ಬೆನ್ನು ಪೂರ್ತಿ ಮುಚ್ಚಿಹೋಯಿತು.

ಮೆಷಿನ್ ಕೂಗಿತು.

ಸಿಸ್ಟರ್ ಪಾದಕ್ಕೆ ಕೈ ಚಾಚುವಷ್ಟರಲ್ಲಿ ಅವನ ಹೆಬ್ಬೆರಳು ತಾನಾಗಿ ಬೆನ್ನನ್ನು ಮೇಲಿಂದ ಕೆಳಗೆ ಒಮ್ಮೆ ಸವರಿತು, ಇನ್ನೊಮ್ಮೆ ಸವರಿತು, ಮರಕ್ಕೆ ಪಾಲಿಶ್ ಹಿಡಿಸುವಾಗಿನ ಅದೇ ಹದದಲ್ಲಿ... ಗುಬ್ಬಿ ಉಸಿರೆಳೆದುಕೊಂಡಳು. ಮೆಷಿನ್ ಸುಮ್ಮನಾಯಿತು.

ಸಿಸ್ಟರ್ ಅವಳ ಮೂಗುಬಾಯಿಗೆ ಮಾಸ್ಕ್ ಕಟ್ಟಿ, ಹೊಸ್ತಿಲು ದಾಟಬೇಡಿ ಎಂದು ಬಾಗಿಲು ಸ್ವಲ್ಪ ತೆರೆದರು. ಅವನ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ನಾನು ಉಸಿರಾಡೋಕೂ ಭಯ ಆಗ್ತಿದೆ ಕಣೇ..."

"ಧೈರ್ಯವಾಗಿ ಉಸಿರಾಡ್ರೀ," ಅಂದಳು ಅವಳು. "ಅವಳು ನಿಮ್ಮನ್ನ ನೋಡಿಯೇ ಕಲೀತಿದ್ದಾಳೆ."